ಆ ಸಾಲು ಬರೆದವರು

"ಈ ಸಾಲು ಬರೆದವರು ನೀವೇ ತಾನೇ?"

ಆಸ್ಪತ್ರೆಯ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು ಅವಳು ಗುಡುಗಿದಾಗ, ಹೊಸ ಎಂಜಿನಿಯರ್ ತಲೆಯೆತ್ತಿ ನೋಡಿದ. ಇಬ್ಬರೂ ಮುಖಾಮುಖಿಯಾದದ್ದು ಅದೇ ಮೊದಲು!

ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವವಳು ಅವಳು. ಬೆಳಿಗ್ಗೆ ಅವನು, ರಿಪೋರ್ಟ್‌ಗಳನ್ನು ಬೇರೆಯವರು ಓದದಂತೆ ಕಳಿಸುವ ಎನ್‌ಕ್ರಿಪ್ಷನ್ ಲೈಬ್ರರಿಯ ಹೊಸ ಆವೃತ್ತಿ ಹಾಕಿದ್ದೇ ತಡ, ಲ್ಯಾಬ್ ರಿಪೋರ್ಟ್‌ಗಳು ವಾರ್ಡಿಗೆ ಹೋಗುವುದು ನಿಂತಿತ್ತು. ಆಪರೇಷನ್‌ಗೆ ಸಿದ್ಧವಾದ ಅಜ್ಜಿಯೊಬ್ಬರು ರಕ್ತದ ರಿಪೋರ್ಟಿಗಾಗಿ ಕಾಯುತ್ತಿದ್ದರು.

"ರಿಪೋರ್ಟ್ ಯಾರ ಕೈಗೆ ಹೋಗ್ತಿದೆ ಅಂತ ಪರೀಕ್ಷೆ ಮಾಡೋದೇ ಬೇಡ ಅಂತ ಪ್ರೋಗ್ರಾಮಿನ ಈ ಸಾಲಲ್ಲಿ ಬರೆದಿದೆ! ಯಾರೋ ನಮ್ಮ ಸರ್ವರ್ ಅಂತ ನಟಿಸಿ, ರಿಪೋರ್ಟನ್ನೇ ತಿದ್ದಿ ಕಳಿಸಿದ್ರೆ? ರೋಗಿಗಳ ಜೀವ ಅಂದ್ರೆ ಆಟನೇನ್ರೀ?"

ಹೆಡ್ ನರ್ಸ್, ಲ್ಯಾಬಿನವರು... ಎಲ್ಲರೂ ಕೇಳಿಸಿಕೊಂಡರು.

ಅವನ ಮುಖ ಕೆಂಪಾಯಿತು. ದನಿ ಮಾತ್ರ ಏರಲಿಲ್ಲ.

"ಯಾವ ಸಾಲು ಯಾರು ಬರೆದ್ರು ಅನ್ನೋ ಫೈಲಿನ ಹಳೇ ದಾಖಲೆ ಒಂದ್ಸಲ ನೋಡಿ, ಮೇಡಂ. ನೀವೊಬ್ರೇ ನೋಡಿ."

ಅಷ್ಟೇ ಹೇಳಿ ಲ್ಯಾಬಿನ ಕಡೆ ನಡೆದುಬಿಟ್ಟ.

'ಎಂಥಾ ಜಂಬ!' ಅಂದುಕೊಳ್ಳುತ್ತಲೇ ದಾಖಲೆ ತೆರೆದಳು.

ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು.

ಅವಳು ಬೆಳಿಗ್ಗೆ ನೋಡಿದ್ದು ಫೈಲಿನ ಹಳೆಯ ಪ್ರತಿ. ಆ ಸಾಲಿನ ಪಕ್ಕ ಇದ್ದ ಹೆಸರು ಅವಳದೇ! ಎರಡು ವರ್ಷದ ಹಿಂದೆ, ಅಪ್ಪ ಐಸಿಯುನಲ್ಲಿದ್ದ ದಿನ ಹೀಗೇ ಸಂಪರ್ಕ ಕೈಕೊಟ್ಟಿತ್ತು. ನಾಳೆ ಸರಿಮಾಡಿದರಾಯಿತು ಎಂದು ಪರೀಕ್ಷೆ ಆಫ್ ಮಾಡಿ ಓಡಿದ್ದಳು. ಅಪ್ಪ ಉಳಿದರು, ಕೆಲಸ ಮರೆತೇಹೋಯಿತು. ಇವತ್ತು ಹೊಸ ಆವೃತ್ತಿಯಲ್ಲಿ ಆ ಪರೀಕ್ಷೆಯನ್ನು ಮತ್ತೆ ಆನ್ ಮಾಡಿದವನೇ ಅವನು.

'ಗೊತ್ತಿದ್ದೂ ಎಲ್ಲರೆದುರು ನನ್ನ ಮಾನ ಉಳಿಸಿದನಲ್ಲ...'

ಲ್ಯಾಬಿಗೆ ಓಡಿದಳು. ಅವನು ರಕ್ತಪರೀಕ್ಷೆಯ ಯಂತ್ರದ ಮುಂದೆ ಬಗ್ಗಿ ನಿಂತಿದ್ದ.

"ಇದರ ಗಡಿಯಾರ ಹತ್ತು ದಿನ ಹಿಂದಿದೆ. ನಮ್ಮ ಸರ್ವರಿನ ಗುರುತಿನ ಚೀಟಿ, ಅದೇ ಸರ್ಟಿಫಿಕೇಟ್, ಮೊನ್ನೆ ಮಾಡಿಸಿದ್ದು. ಇದರ ಪ್ರಕಾರ ಅದಿನ್ನೂ ಹುಟ್ಟೇ ಇಲ್ಲ, ಪಾಪ! ಹೇಗೆ ನಂಬುತ್ತೆ?"

ಅವಳು ದಿನಾಂಕ ಸರಿಪಡಿಸಿದಳು. ಅವನು ಸಂಪರ್ಕ ಮತ್ತೆ ಶುರುಮಾಡಿದ. ನಿಂತಿದ್ದ ರಿಪೋರ್ಟ್‌ಗಳೆಲ್ಲ ಸಾಲಾಗಿ ಹೊರಟವು. ವಾರ್ಡಿನಿಂದ ಹೆಡ್ ನರ್ಸ್ ದನಿ: "ಬಂತು! ಅಜ್ಜೀನ ಒಳಗೆ ಕರ್ಕೊಂಡು ಹೋದ್ರು!"

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಬೆಳಿಗ್ಗೆ ಕೇಳಿಸಿಕೊಂಡವರನ್ನೆಲ್ಲ ಕರೆದಳು.

"ಆ ತಪ್ಪು ಇವರದಲ್ಲ, ನನ್ನದು. ಕ್ಷಮಿಸಿ." ದನಿ ತೀರಾ ಸಣ್ಣಗಿತ್ತು.

ಹೆಡ್ ನರ್ಸ್ ನಕ್ಕರು. "ಬೈಯೋವಾಗ ಇದ್ದ ಗಂಟಲು ಈಗೆಲ್ಲಿ ಹೋಯ್ತಮ್ಮಾ?"

ಮುಂದಿನ ಮೂರು ತಿಂಗಳು ಇಬ್ಬರೂ ಅಕ್ಕಪಕ್ಕ ಕೂತು ಒಂದೊಂದೇ ಯಂತ್ರ ಸರಿಮಾಡಿದರು. ಅವನ ಗುತ್ತಿಗೆ ಕೆಲಸದ ಕೊನೆಯ ದಿನವೂ ಬಂತು. ಬ್ಯಾಗ್ ಹೆಗಲಿಗೇರಿಸಿದವನನ್ನು ಅವಳು ಕಾರಿಡಾರಿನಲ್ಲಿ ತಡೆದಳು.

"ಅವತ್ತು ಅಷ್ಟು ಬೈದೆ. ಒಂದು ಮಾತೂ ಎದುರಾಡಲಿಲ್ಲ... ಯಾಕೆ?"

"ಗುರುತೇ ಇಲ್ಲದ ಅಜ್ಜಿಗೋಸ್ಕರ ಅಷ್ಟು ಸಂಕಟಪಡ್ತಿದ್ರಿ. ನಿಮ್ಮನ್ನ ತಲೆತಗ್ಗಿಸೋ ಹಾಗೆ ಮಾಡೋಕೆ ಮನಸ್ಸಾಗ್ಲಿಲ್ಲ." ಬ್ಯಾಗಿನ ಪಟ್ಟಿ ಸರಿಮಾಡಿಕೊಂಡ. "ಅವತ್ತಿಂದ ಮನಸ್ಸು ನನ್ನ ಮಾತೇ ಕೇಳ್ತಿಲ್ಲ, ಮೇಡಂ."

ಅವಳ ಕಣ್ಣು ತುಂಬಿತು.

"ನಾಳೆ ಮನೆಗೆ ಊಟಕ್ಕೆ ಬನ್ನಿ. ಅಪ್ಪ ನಿಮ್ಮನ್ನ ನೋಡ್ಬೇಕಂತೆ."

"ಅಪ್ಪನಿಗೆ ಮಾತ್ರನಾ?"

"ನನಗೂ... ದಿನಾ. ಬರ್ತೀರಾ?" ತುಟಿ ಕಚ್ಚಿಕೊಂಡಳು. "ಅಲ್ಲ... ಬರ್ತೀಯಾ?"

ಅವನು ಬ್ಯಾಗ್ ಕೆಳಗಿಟ್ಟ.

"ಬರ್ತೀನಿ ಕಣೇ."