ಬರಿಗಾಲ ಮಠದ ಬರಿದಾದ ಗೂಡು

ಈಸ್ಟರ್‌ಗೆ ಮುಂಚಿನ ದಿನಗಳಲ್ಲಿ ಮೂರ್ತಿಗೆ ಹೊದಿಸುವ ನೇರಳೆ ಬಟ್ಟೆ ಗೋಡೆಗೂಡಿನಲ್ಲೇ ಬಿದ್ದಿತ್ತು. ಅದರೊಳಗಿನ ಬಾಲಯೇಸು ಮಾತ್ರ ಮಾಯ!

ಅಂದು ಈಸ್ಟರ್‌ನ ಮುನ್ನಾದಿನ, ಪವಿತ್ರ ಶನಿವಾರ. ಗೋವಾದ ಕೆಪೆಯ ಆಚೆ, ಗುಡ್ಡದ ಮೇಲಿನ ಬರಿಗಾಲ ಕಾರ್ಮೆಲ್ ಕನ್ಯಾಮಠದಲ್ಲಿ ನಡುಮಧ್ಯಾಹ್ನ ಕಳುವು ಗೊತ್ತಾಯಿತು. ಊಟದ ಹೊತ್ತು ಮುಗಿಯುವುದರೊಳಗೆ ಕಳ್ಳನೂ ಠಾಣೆಯಲ್ಲಿದ್ದ. ಮಾಡಿನ ಹೆಂಚು ಹೊದಿಸಲು ಬಂದಿದ್ದ ಗೌಸಸಾಬ. ಸಿಸ್ಟರ್‌ಗಳ ಮಠದೊಳಗೆ ಆ ದಿನ ಕಾಲಿಟ್ಟ ಗಂಡಸು ಅವನೊಬ್ಬನೇ. ಇನ್ನೇನು ಬೇಕು?

ಹೆಡ್ ಕಾನ್‌ಸ್ಟೇಬಲ್ ಈರೇಶನಿಗೂ ಇನ್ನೇನೂ ಬೇಕಿರಲಿಲ್ಲ. ಊಟಕ್ಕೆ ಹೊರಟಿದ್ದ. ಬಾಗಿಲಲ್ಲಿ ಗೌಸಸಾಬನ ಹೆಂಡತಿ ಖಾತುನ ಅಡ್ಡ ನಿಂತಳು.

"ಕಳ್ಳ ಅಂತ ಒಮ್ಮೆ ಹೆಸರು ಬಿತ್ತಂದ್ರ ಈ ಗೋವಾದಾಗ ನಮಗ ಯಾರು ಕೆಲಸ ಕೊಡ್ತಾರ್ರಿ? ಮಕ್ಕಳನ್ನ ಕಟಗೊಂಡು ಎಲ್ಲಿಗೆ ಹೋಗೂಣು?"

ಈರೇಶನ ಹಸಿವು ಅಲ್ಲೇ ಸತ್ತಿತು. ಪಿಎಸ್‌ಐ ನೀಲಗಂಗಾ ಜೀಪಿನ ಕೀಲಿ ಎತ್ತಿಕೊಂಡರು. "ನಡಿ ಈರೇಶ, ಮಠ ನೋಡಿ ಬರೂಣು."

ಬಾಗಿಲು ತೆರೆದವರು ಸಿಸ್ಟರ್ ಪಿಯೆದಾದ್. ಹೊರಗಿನವರೊಡನೆ ವ್ಯವಹರಿಸಲು ಮಠಕ್ಕಿದ್ದ ಸಿಸ್ಟರ್ ಅವರೊಬ್ಬರೇ. ವಯಸ್ಸಾಗಿತ್ತು, ಕಿವಿ ಮಂದ. ಬಂದ ಕೆಲಸವನ್ನು ಈರೇಶ ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಆಕೆ ತಲೆದೂಗಿ, ಒಂದು ಮರದ ಹಲಗೆ ಹಿಡಿದು, ಅದಕ್ಕೆ ಸುತ್ತಿಗೆಯಿಂದ ಟಕ ಟಕ ಬಡಿಯುತ್ತ ಮುಂದೆ ನಡೆದರು. ಸದ್ದು ಹೋದಂತೆಲ್ಲ ಪಡಸಾಲೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

"ಏನ್ರಿ ಮೇಡಮ್ಮಾರ, ನಮ್ಮ ಮುಂದ ಡಂಗುರ ಹೊಡಿಯಾಕತ್ತಾರಲ್ಲ!"

"ಸುಮ್ಮನ ಬಾ."

ಮಠದ ಹಿರಿಯರಾದ ಮದರ್ ಸೆಸಿಲಿಯಾ ಜಾಲರಿಯ ಆಚೆ ಕೂತು ಮಾತಾಡಿದರು. ಮಂಗಳೂರಿನವರು, ಕನ್ನಡ ಬಲ್ಲರು.

"ಹೊರಗಿನವರು ಒಳಗೆ ಬಂದರೆ ಹೀಗೆ ಸೂಚನೆ ಕೊಡುವ ಕ್ರಮ ಉಂಟು. ಕೇಳಿದ ಸಿಸ್ಟರ್‌ಗಳು ಕೋಣೆ ಸೇರಿಕೊಳ್ಳುತ್ತಾರೆ. ಹೊರಗಿನವರ ಕಣ್ಣಿಗೆ ಬೀಳುವ ಹಾಗಿಲ್ಲ."

ಈರೇಶನ ಕಣ್ಣು ಜಾಲರಿಯ ಕೆಳಗಿತ್ತು. "ಬರಿಗಾಲಿನವರು ಅಂತೀರಿ, ಕಾಲಾಗ ಚಪ್ಪಲಿ ಅದಾವಲ್ರಿ?"

ಮದರ್ ನಕ್ಕರು. "ಸ್ಪೇನಿನಲ್ಲಿ ನಮ್ಮ ಸಭೆಯನ್ನು ತಿದ್ದಿದವರು ಬೂಟು ಬಿಟ್ಟು ಹಗ್ಗದ ಚಪ್ಪಲಿ ಹಾಕಿದರು. ಬಡವರ ಚಪ್ಪಲಿ. ಹೆಸರು ಬರಿಗಾಲು ಅಂತಲೇ ಉಳಿಯಿತು."

"ಮೂರ್ತಿ ಭಾಳ ಹಳೇದೇನ್ರಿ?" ನೀಲಗಂಗಾ ಕೇಳಿದರು.

"ನಮ್ಮದೇ ಸಭೆಯ ಸನ್ಯಾಸಿಗಳದ್ದು. ಹಳೇ ಗೋವಾದಲ್ಲಿ ಅವರ ಮಠ ಇತ್ತು. ಪೋರ್ತುಗಲ್ ರಾಜನಿಗೆ ನಿಷ್ಠೆಯ ಆಣೆ ಇಡಲಿಲ್ಲ ಅಂತ ಮುನ್ನೂರು ವರ್ಷಗಳ ಹಿಂದೆ ಅವರನ್ನು ಓಡಿಸಿದರು. ಹೋಗುವಾಗ ಒಂದು ಮನೆಯವರ ಕೈಗೆ ಕೊಟ್ಟು ಹೋದದ್ದು, ಆ ಮನೆಯವರಿಂದ ನಮಗೆ ಬಂತು."

"ಕಳುವಾದಾಗ ಪಡಸಾಲಿಯೊಳಗ ಯಾರೂ ಇರಲಿಲ್ಲೇನು?"

"ಸಿಸ್ಟರ್‌ಗಳು ಗುಡಿಸುತ್ತಿದ್ದರು. ಗಂಟೆ ಕೇಳಿತು, ಎಲ್ಲರೂ ಒಳಗೆ ಹೋದರು. ಹೊರಗೆ ಬಂದಾಗ ಬಟ್ಟೆ ಬಿದ್ದಿತ್ತು."

"ಆವಾಗ ಸಿಸ್ಟರ್ ಪಿಯೆದಾದ್?"

ಮದರ್ ತಡವರಿಸಿದರು. "ಅಂಗಳದಲ್ಲಿ... ಮಾಡಿನ ಮೇಲಿದ್ದ ಕೆಲಸಗಾರನನ್ನು ನೋಡಿಕೊಳ್ಳುತ್ತಿದ್ದರು ಅನ್ನುತ್ತಾರೆ. ವಯಸ್ಸಾಗಿದೆ. ಒಬ್ಬರ ತಪ್ಪನ್ನು ಹೊರಗಿನವರ ಮುಂದೆ ಆಡುವುದು ನಮ್ಮಲ್ಲಿಲ್ಲ."

"ಈ ವಾರ ಬ್ಯಾರೆ ಯಾರರ ಒಳಗ ಬಂದಿದ್ರೇನ್ರಿ?"

"ಬುಧವಾರ ಕಂತ್ರಾಟುದಾರರು ಬಂದು ಒಡೆದ ಹೆಂಚು ನೋಡಿ ಹೋದರು. ಗೌಸಸಾಬ ಇವತ್ತೇ ಮೊದಲು."

ನೀಲಗಂಗಾ ಈರೇಶನನ್ನು ಹೊರಗೆ ಕಳಿಸಿ, ಜಾಲರಿಗೆ ಮುಖ ಹತ್ತಿಸಿ ಇನ್ನೊಂದು ಪ್ರಶ್ನೆ ಕೇಳಿದರು. ಉತ್ತರ ಕೇಳಿಸಿಕೊಂಡು ಜೀಪಿನ ಕಡೆ ನಡೆದರು.

ಕಂತ್ರಾಟುದಾರ ಸೋಮಲಿಂಗಪ್ಪ ಫೋಂಡಾದಲ್ಲಿ ಹೆಂಚಿನ ಅಂಗಡಿ ಇಟ್ಟವರು, ಬೆಳಗಾವಿ ಕಡೆಯವರು. ಕರೆ ಹೋದ ತಕ್ಷಣ ಠಾಣೆಗೆ ಬಂದರು. ಕುಂತವರೇ ಹಣೆ ಚಚ್ಚಿಕೊಂಡರು.

"ನಾನೇ ಅವನ್ನ ಗೋವಾಕ್ಕ ಕರಕೊಂಡು ಬಂದೆ ಮೇಡಮ್ಮಾರ. ನನ್ನ ಮಾರಿಗೆ ಮಸಿ ಬಳದ್ನಲ್ರಿ!"

"ಇವತ್ತು ನೀವೂ ಮಠಕ್ಕ ಹೋಗಿದ್ರಿ?"

"ಹೆಂಚು ಇಳಸಾಕ ಹೋಗಿದ್ದೆ. ಬಾಗಲದಾಗ ಇಳಿಸಿ ಬಂದೆ. ಒಳಗ ಹೆಜ್ಜಿ ಇಟ್ಟಿಲ್ರಿ!"

"ಇಟ್ರಿ ಅಂತ ನಾ ಎಲ್ಲಿ ಅಂದೆ? ಗೌಸಸಾಬನೇ ಪಡಸಾಲಿಗೆ ಹೋಗಿ ಕದ್ದಾನ ಅಂತ ನಿಮಗ ಹೆಂಗ ಗೊತ್ತು?"

"ಗಂಟಿ ಕೇಳಿತಲ್ರಿ! ಆ ಮುದುಕಿ ಸಿಸ್ಟರ್ ಗಂಟಿ ಬಾರಿಸ್ಕೋಂತ ಅವನ್ನ ಒಳಗ ಕರಕೊಂಡು ಹೊಂಟಿದ್ರು."

"ಖರೇ?"

"ನನ್ನ ಕಿವಿಯಾರೆ ಕೇಳೇನ್ರಿ."

ನೀಲಗಂಗಾ ಚಹಾದ ಕಪ್ಪು ಕೆಳಗಿಟ್ಟರು. "ಹಂಗಾದ್ರ ಬಾಲಯೇಸು ನಿಮ್ಮ ಕಡೇನೇ ಐತಿ. ಎಲ್ಲಿಟ್ಟೀರಿ?"

ಸೋಮಲಿಂಗಪ್ಪನ ಬಾಯಿ ತೆರೆದೇ ಉಳಿಯಿತು. ಈರೇಶನದೂ.

"ಮೇಡಮ್ಮಾರ, ಗಂಟಿ ಕೇಳಿದ್ರ ಕಳ್ಳ ಆಗ್ತಾರೇನ್ರಿ?" ಎಂದ ಈರೇಶ.

"ನಾ ಇಲ್ಲೇ ಗೋವಾದ ಬಾಯ್ನಾದಾಗ ಬೆಳದಾಕಿ ಈರೇಶ. ನಮ್ಮ ಬಾಜೂ ಮನಿಯವರೆಲ್ಲ ಕ್ರಿಸ್ತುವರು. ಗುರುವಾರ ಸಂಜಿ ಪೂಜಿಯಿಂದ ಶನಿವಾರ ರಾತ್ರಿ ಪೂಜಿ ತನಕ ಇಗರ್ಜಿಯೊಳಗ ಗಂಟಿ ಬಾರಿಸೂದಿಲ್ಲ. ಯೇಸು ಸತ್ತ ದುಃಖ. ಗಂಟಿ ಬದಲಿ ಕಟಗಿ ಬಡೀತಾರ. ಇವತ್ತು ನಮ್ಮ ಮುಂದ ಬಡದದ್ದು ಏನು?"

"ಕಟಗಿ!"

"ಗೌಸಸಾಬನ ಮುಂದೂ ಅದನ್ನೇ ಬಡದ್ರು. ಅಂವಾ ಆ ಮಠದ ಗಂಟಿ ಕಂಡಾಂವನೇ ಅಲ್ಲ. ಗಂಟಿ ಕಂಡಾಂವ ಬುಧವಾರ ಬಂದಾಂವ. ಗಂಟಿ ಬಾರಿಸಿದ್ರ ಸಿಸ್ಟರ್‌ಗಳು ಕೋಣಿ ಸೇರ್ತಾರ, ಹಾದಿ ಖಾಲಿ ಆಗ್ತೈತಿ ಅಂತ ಅವತ್ತೇ ನೋಡಿಟ್ಟಿದ್ದ. ಇವತ್ತು ಹೆಂಚು ಒಯ್ಯಾಕಂತ ಬಾಗಲಾ ತೆರೆದಿತ್ತು. ಸಿಸ್ಟರ್ ಅಂಗಳದಾಗ, ಅವರ ಕಿವಿ ಮಂದ. ಹೊರಗಿನ ಕೋಣ್ಯಾಗ ಇಟ್ಟಿದ್ದ ಕೈಗಂಟಿ ನೀವು ತಗೊಂಡ್ರಿ ಸಾವ್ಕಾರ್ರ, ಬಾರಿಸ್ಕೋಂತ ರಾಜಾರೋಷವಾಗಿ ಒಳಗ ನಡದ್ರಿ. ಗಂಟಿ ಬಾರಿಸಿ ಕಳುವು ಮಾಡಿದ ಕಳ್ಳನ್ನ ನಾ ಇವತ್ತೇ ನೋಡಿದ್ದು!"

"ಸಿಸ್ಟರ್‌ಗಳಿಗೆ ಆ ಗಂಟಿ ಮ್ಯಾಲೆ ಸಂಶೆ ಬರಲಿಲ್ಲೇನ್ರಿ?"

"ಬಂದಿತ್ತು. ಮುದುಕಿ ಮರತು ಬಾರಿಸ್ಯಾರ ಅಂತ ತಿಳಕೊಂಡ್ರು. ಅವರ ಮರ್ಯಾದಿ ಕಾಯಾಕ ಎಲ್ಲಾರೂ ಬಾಯಿ ಮುಚಗೊಂಡ್ರು. ಮದರ್ ಬಾಯಿ ಬಿಡಿಸಾಕ ನನಗ ಸಾಕಾತು. ಅವರ ಒಳ್ಳೇತನದಿಂದ ಇಂವಾ ಉಳದಿದ್ದ, ಗೌಸಸಾಬ ಸಿಕ್ಕೊಂಡಿದ್ದ."

ಕುಂಬಳಕಾಯಿ ಕಳ್ಳ ಅನ್ನುವ ಮುಂಚೆಯೇ ಹೆಗಲು ಮುಟ್ಟಿಕೊಂಡಿದ್ದನಲ್ಲ ಈ ಸಾವ್ಕಾರ, ಎಂದು ಈರೇಶನಿಗೆ ಈಗ ಹೊಳೆಯಿತು. ಸೋಮಲಿಂಗಪ್ಪ ಹೆಚ್ಚು ಹೊತ್ತು ತಡೆಯಲಿಲ್ಲ. ಹಳೇ ಮೂರ್ತಿ ಕೊಳ್ಳುವ ಮುಂಬಯಿಯವನೊಬ್ಬ ಆಸೆ ಹಚ್ಚಿದ್ದ. ಫೋಂಡಾದ ಗೋದಾಮಿನಲ್ಲಿ, ಹೆಂಚಿನ ಪೆಟ್ಟಿಗೆಯ ಹುಲ್ಲಿನೊಳಗೆ ಬಾಲಯೇಸು ಸಿಕ್ಕಿತು.

ಗೌಸಸಾಬನನ್ನು ಬಿಟ್ಟರು. ಅವನು ಖಾತುನಳ ಕಡೆ ಹೋಗಲಿಲ್ಲ. ನೀಲಗಂಗಾರ ಎದುರಿಗೆ ಬಂದು ನಿಂತ.

"ಮೇಡಮ್ಮಾರ, ಒಂದು ಮಾತು. ನೀವಾಗಿ ನನ್ನ ಹಿಡದ್ರೋ, ಸಾವ್ಕಾರ್ರು ನನ್ನ ಹೆಸರು ಹೇಳಿದ್ರೋ?"

ಸುಳ್ಳು ಹೇಳಿಬಿಡಲಿ ದೇವರೇ, ಎಂದುಕೊಂಡ ಈರೇಶ. ನೀಲಗಂಗಾ ಹೇಳಲಿಲ್ಲ.

"ಅವರೇ ಹೇಳಿದ್ರು. ಠಾಣೇಕ್ಕ ಮೊದಲನೇ ಫೋನ್ ಅವರದ್ದೇ."

ಇಡೀ ಮಧ್ಯಾಹ್ನ ಲಾಕಪ್ಪಿನಲ್ಲಿ ತುಟಿ ಪಿಟಕ್ಕೆನ್ನದೆ ಕೂತಿದ್ದ ಗೌಸಸಾಬ ಮುಖಕ್ಕೆ ಟವೆಲ್ ಒತ್ತಿಕೊಂಡು ಹೋ ಎಂದು ಅತ್ತ. ಖಾತುನ ಓಡಿ ಬಂದು ಅವನ ತೋಳು ಹಿಡಿದಳು.

"ನಮ್ಮ ಸಣ್ಣ ಮಗನಿಗೆ ಹೆಸರಿಟ್ಟವ್ರೇ ಆ ಸಾವ್ಕಾರ್ರು ರೀ," ಎಂದಳು.