ಮಿಂಚುಹುಳುವಿನ ಮೇಲಿನ ನೆರಳು

ಹರೀಯಾ ಪೊದೆಯ ಕಟ್ಟಿಗೆ ಉರಿಯುವಾಗ ಒಂದು ವಾಸನೆ ಬರುತ್ತದೆ. ಸ್ವಲ್ಪ ಅಂಟು, ಸ್ವಲ್ಪ ಕಹಿ. ಮಿರ್ತಾಳಿಗೆ ಅದು ಬಾಲ್ಯದ ವಾಸನೆ. ಮಲಾರ್ಗೆ ಊರಿನ ಶಾಲೆಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಎಲ್ವಿಯೋನ ಕಂಬಳಿಯ ವಾಸನೆ.

ಆ ಮಧ್ಯಾಹ್ನ ವೀಕ್ಷಣಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವಳ ಮೂಗಿಗೆ ಅದೇ ವಾಸನೆ ಬಡಿಯಿತು. ಕಿಟಕಿ ಮುಚ್ಚಿತ್ತು. ಹೊರಗೆ ಎಲ್ಲೂ ಹೊಗೆ ಇರಲಿಲ್ಲ...

"ಏನಮ್ಮಾ, ನಿನ್ನ ಭೂತ ಇವತ್ತೂ ರಜಾನಾ?"

ನೀರಿನ ಶುದ್ಧತೆ ನೋಡಿಕೊಳ್ಳುವ ತಿತೋ ಬಾಗಿಲಲ್ಲಿ ನಿಂತು ನಗುತ್ತಿದ್ದ. ಮಿರ್ತಾಳಿಗೆ ನಗು ಬರಲಿಲ್ಲ.

ಊರಾಚೆಯ ಬಯಲಿನ ಉದ್ದಕ್ಕೂ ವೀಕ್ಷಣಾಲಯದ ದೊಡ್ಡ ದೊಡ್ಡ ತೊಟ್ಟಿಗಳಿವೆ. ಒಳಗೆ ಗಾಢ ಕತ್ತಲು, ಹುಳವೂ ಬದುಕಲಾರದಷ್ಟು ಶುದ್ಧವಾದ ನೀರು. ಎಲ್ಲೋ ದೂರದ ನಕ್ಷತ್ರಲೋಕದಿಂದ ಕಾಣದ ಕಣಗಳು ನಮ್ಮ ಮೈಯನ್ನೂ ತೂರಿಕೊಂಡು ಸುರಿಯುತ್ತಲೇ ಇರುತ್ತವೆ. ಆ ನೀರನ್ನು ಹಾಯುವಾಗ ಮಾತ್ರ ಒಂದು ಕ್ಷಣ ನೀಲಿಯಾಗಿ ಮಿನುಗುತ್ತವೆ. ತೊಟ್ಟಿಗಳಿಗೆ ಹೆಸರಿಟ್ಟವರು ಊರಿನ ಶಾಲೆಯ ಮಕ್ಕಳು. ಒಂದಕ್ಕೆ 'ಮಿಂಚುಹುಳು' ಎಂದು ಹೆಸರಿಟ್ಟದ್ದು ಮಿರ್ತಾ ಮತ್ತು ಎಲ್ವಿಯೋ.

ಓದು ಮುಗಿಸಿ ಊರಿಗೆ ಮರಳಿದ ಮಿರ್ತಾ, ವರ್ಷಗಳ ಮಾಹಿತಿಯನ್ನು ಜಾಲಾಡಲು ಕಂಪ್ಯೂಟರಿಗೆ ಕಲಿಸಿದ್ದಳು. ಹೊಸ ಔಷಧದ ಅಣುಗಳನ್ನು ಹುಡುಕುವವರೂ ಈಗ ಇಂಥದೇ ಜರಡಿ ಹಿಡಿಯುತ್ತಾರೆ. ಅವಳ ಜರಡಿಯಲ್ಲಿ ಉಳಿದದ್ದು ಕಣವಲ್ಲ... ಒಂದು ನೆರಳು! ತಿತೋ ಅದನ್ನೇ ಭೂತ ಎನ್ನುತ್ತಿದ್ದ.

ಸೂರ್ಯ ಇಳಿಯುವ ಮುನ್ನ, ದಿನವೂ, ಮಿಂಚುಹುಳುವಿಗೆ ವಿದ್ಯುತ್ ಕೊಡುವ ಸೌರಫಲಕದ ಮೇಲೆ ಏನೋ ಕವಿದು ವಿದ್ಯುತ್ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಸರಿಯುತ್ತಿತ್ತು. ಮೋಡವಲ್ಲ, ಪಕ್ಕದ ತೊಟ್ಟಿಗಳ ಮೇಲೆ ಬಿಸಿಲಿರುತ್ತಿತ್ತು. ಮರವಲ್ಲ; ಆ ಬಯಲಲ್ಲಿ ಮರವೇ ಇಲ್ಲ. ಈಚೆಗೆ ಅದೂ ನಿಂತುಹೋಗಿತ್ತು.

ಮೊದಲ ನೆರಳು ಬಿದ್ದದ್ದು ಯಾವಾಗ? ಮಿರ್ತಾ ತಾರೀಕು ನೋಡಿದಳು.

ಅವಳು ಊರು ಬಿಟ್ಟು ಬ್ಯೂನಸ್ ಐರಿಸ್ ಬಸ್ಸು ಹತ್ತಿದ ದಿನ!

ಅಂದು ಎಲ್ವಿಯೋ ಬೀಳ್ಕೊಡಲು ಬಂದಿರಲಿಲ್ಲ. 'ನಾನು ಬೇಡವಾದೆ' ಎಂದುಕೊಂಡು ದಾರಿಯುದ್ದಕ್ಕೂ ಅತ್ತಿದ್ದಳು. ಆಮೇಲೆ ಒಂದು ಮಾತೂ ಇಲ್ಲ. ಇವಳ ಹಠ, ಅವನ ಮೌನ...

ಬೆಳಿಗ್ಗೆ ರೊಟ್ಟಿ ಅಂಗಡಿಯಾಕೆ ಹೇಳಿದ್ದು ಈಗ ಎದೆಗೆ ಇರಿಯಿತು: "ಆ ಕಡೆ ಮೇಕೆ ಕಾಯೋನೊಬ್ಬ ಹಿಮದಲ್ಲಿ ಸಿಕ್ಕೊಂಡು ಹೋಗ್ಬಿಟ್ನಂತೆ, ಪಾಪ."

ಎಲ್ವಿಯೋನೂ ಆ ಬಯಲಲ್ಲೇ ಮೇಕೆ ಕಾಯುವವನು. ಅದಕ್ಕೇ ನೆರಳು ನಿಂತಿತೇ? ಅಯ್ಯೋ... ಅವನೇನಾ?

"ತಿತೋ, ಗಾಡಿ ಬೇಕು. ಈಗಲೇ."

ತಿತೋ ಅವಳ ಮುಖ ನೋಡಿದ. ತನ್ನ ಫ್ಲಾಸ್ಕಿಗೆ ಬಿಸಿನೀರು ತುಂಬಿ, ಕೀಲಿಯ ಜೊತೆ ಅವಳ ಕೈಗಿಟ್ಟ.

ಬಯಲಿಗೆ ಮಂಜು ಇಳಿಯುತ್ತಿತ್ತು. ಪಶ್ಚಿಮದಲ್ಲಿ ಮಾತ್ರ ತೆಳು ಬಿಸಿಲು. ಮಿಂಚುಹುಳುವಿನ ಬಳಿ ಗಾಡಿಯಿಂದ ಇಳಿದ ಮಿರ್ತಾ ಬೆಚ್ಚಿ ನಿಂತಳು.

ಯಾರೋ ಊಳಿಡುತ್ತಿದ್ದಾರೆ! ಒಬ್ಬರಲ್ಲ... ನೂರಾರು ಗಂಟಲು!

ಹತ್ತಿರ ಹೋದಳು. ತೊಟ್ಟಿಯ ಸುತ್ತ ನೀರಿನ ಬಾಟಲಿಗಳ ಸಾಲು. ಕೆಲವು ತುಂಬಿದ್ದವು, ಹಳೆಯವು ಒಣಗಿ ಬಾಯಿ ತೆರೆದಿದ್ದವು. ಗಾಳಿ ಅವುಗಳ ಕೊರಳೊಳಗೆ ಹೊಕ್ಕು ಅಳುತ್ತಿತ್ತು.

ಮಿರ್ತಾಳಿಗೆ ಅರ್ಥವಾಯಿತು. ಹಿಂದೆಂದೋ ಬಯಲಲ್ಲಿ ಬಾಯಾರಿ ಸತ್ತು ದೇವತೆಯಾದ ತಾಯಿಗೆ ನೀರಿಟ್ಟು ಹರಕೆ ಹೊತ್ತರೆ, ದೂರ ಹೋದವರು ಕ್ಷೇಮವಾಗಿ ಮರಳುತ್ತಾರೆಂದು ಊರಿನ ನಂಬಿಕೆ. ಅಜ್ಜಿಯೂ ಇಡುತ್ತಿದ್ದಳು, ದಾರಿ ಬದಿಯ ಗುಡಿಗಳಲ್ಲಿ. ಆದರೆ ಇಲ್ಲಿ, ತಾವಿಬ್ಬರೂ ಹೆಸರಿಟ್ಟ ಈ ತೊಟ್ಟಿಗೆ ಇಟ್ಟವನು ಎಲ್ವಿಯೋ ಅಲ್ಲದೆ ಇನ್ಯಾರು?

ಕಣ್ಣು ತುಂಬಿ ಬಂತು. ಏಣಿ ಹತ್ತಿ, ತನ್ನ ಶಾಲು ತೆಗೆದು ಸೌರಫಲಕದ ಮೇಲೆ ಹೊದಿಸಿದಳು.

'ನೀನು ದಿನಾ ಕರೆದೆ. ಇವತ್ತು ನಾನು ಕರೀತಿದ್ದೀನಿ. ಎಲ್ಲೇ ಇರು... ಓ ಅನ್ನು!'

ಸೊಂಟದ ರೇಡಿಯೋ ಗರಗರಗುಟ್ಟಿತು, ತಿತೋನ ದನಿ. "ಮಿರ್ತಾ! ಬಂದ್ಬಿಡು! ಮಿಂಚುಹುಳು ಮೇಲೆ ನೆರಳು ಬಿದ್ದಿದೆ!"

"ಅದು ನಾನೇ ತಿತೋ..."

ಮಂಜಿನೊಳಗೆ ಗಂಟೆಯೊಂದು ಕಿಣಿಗುಟ್ಟಿತು. ಮೇಕೆ ಕಾಣಲಿಲ್ಲ. ಹೆಜ್ಜೆ ಸಪ್ಪಳ ಮಾತ್ರ ಹತ್ತಿರವಾಯಿತು. ಅದರ ಹಿಂದೆಯೇ ಆ ವಾಸನೆ... ಸ್ವಲ್ಪ ಅಂಟು, ಸ್ವಲ್ಪ ಕಹಿ.

"ಇಳಿಯೇ ಕೆಳಗೆ. ಶಾಲೆಯಲ್ಲೂ ಹೀಗೇ ಹತ್ತಿ ಬೈಸ್ಕೋತಿದ್ದೆ."

ಕಂಬಳಿ ಹೊದ್ದ ಎತ್ತರದ ಆಕೃತಿ!

"ಎಲ್ವಿಯೋ... ನೀನು ಸತ್ತಿಲ್ವಾ?"

"ನಿಂಗೆ ಬೇಜಾರಾಗಿದ್ರೆ ಹೇಳು, ನೋಡೋಣ." ಅವನು ನಗಲು ಹೋದವನು ಟೋಪಿ ತೆಗೆದ. "ಹೋದದ್ದು ಮುದುಕ ಬಸೀಲಿಯೋ. ನಿನ್ನೆ ಮಣ್ಣು ಮಾಡಿ ಬಂದ್ವಿ."

ಅವಳು ಇಳಿದು ಬಂದು ಅವನ ತೋಳು ಮುಟ್ಟಿದಳು. ಬೆಚ್ಚಗಿತ್ತು.

"ಮತ್ತೆ ನೆರಳು ಯಾಕೆ ನಿಲ್ಲಿಸ್ದೆ?"

"ಯಾವ ನೆರಳು? ನಾನು ನೀರಿಡೋಕೆ ಬರ್ತಿದ್ದೆ. ಪ್ರಾರ್ಥನೆ ಮಾಡೋವಾಗ ಕಂಬಳಿ ಹೊದ್ದಿರಬಾರ್ದಲ್ಲ? ನೇತು ಹಾಕೋಕೆ ಈ ಬಯಲಲ್ಲಿ ಆ ಫಲಕ ಬಿಟ್ರೆ ಇನ್ನೇನಿದೆ?" ಅವನು ತಲೆ ತಗ್ಗಿಸಿದ. "ನೀನು ಬಂದೆ ಅಂತ ಗೊತ್ತಾಯ್ತು. ಹರಕೆ ತೀರ್ತು. ನಿಲ್ಲಿಸ್ದೆ."

"ಬಂದಿದ್ದು ಗೊತ್ತಿದ್ದೂ ನೋಡೋಕೆ ಬರ್ಲಿಲ್ಲ?"

"ನೀರಿಟ್ಟದ್ದು ನೀನು ಬರ್ಲಿ ಅಂತ ಮಿರ್ತಾ. ನನ್ನ ಹತ್ರ ಬರ್ಲಿ ಅಂತ ಕೇಳೋ ಧೈರ್ಯ ಇರ್ಲಿಲ್ಲ."

ಗಾಳಿ ಬಾಟಲಿಗಳಲ್ಲಿ ಹಾಡಿತು. ಈಗ ಅದು ಅಳುವಿನಂತೆ ಕೇಳಿಸಲಿಲ್ಲ.

"ಆ ದಿನ ಬಸ್ಸಿನ ಹತ್ರಾನಾದ್ರೂ..."

"ಇಲ್ಲೇ ಇದ್ದೆ! ಬಸ್ಸು ಈ ದಾರಿಯಲ್ಲೇ ತಾನೇ ಹೋಗೋದು? ಕೈ ಬೀಸ್ದೆ. ನೀನು ತಿರುಗಿ ನೋಡ್ಲಿಲ್ಲ."

"ಅಳ್ತಿದ್ದೆ ಕಣೋ... ಮಡಿಲಲ್ಲಿ ಮುಖ ಇಟ್ಕೊಂಡು!"

ಇಷ್ಟೇ ಇತ್ತೇ, ಇಷ್ಟು ವರ್ಷಗಳ ನಡುವೆ?

"ಇನ್ನು ಹೋಗಲ್ಲ," ಅಂದಳು ಮಿರ್ತಾ. "ನೀನು ಬೇಡ ಅಂದ್ರೂ."

"ಬೇಡ ಅಂದವ್ರು ಯಾರು?"

ಎಲ್ವಿಯೋ ಕಂಬಳಿ ತೆಗೆದು ಅವಳಿಗೆ ಹೊದಿಸಿದ. ಹೆಗಲ ಚೀಲ ಬಿಚ್ಚಿ, ಕೆಂಡದ ಬೂದಿಯಲ್ಲಿ ಸುಟ್ಟ ರೊಟ್ಟಿ ಹೊರತೆಗೆದ. ಅಂಟಿದ ಬೂದಿಯನ್ನು ತೋಳಿನಿಂದ ಮೆಲ್ಲಗೆ ಒರೆಸಿದ. ಎರಡು ಮಾಡಿ, ದೊಡ್ಡ ತುಂಡಿನ ಮೇಲೆ ಇದ್ದಷ್ಟೂ ಮೇಕೆ ಮಾಂಸವಿಟ್ಟು, ಅವಳ ಅಂಗೈಗಿಟ್ಟ.