ಚಕ್ರಕ್ಕೆ ಕೊಟ್ಟ ಕಲ್ಲು

ಸೋಮವಾರ ಬೆಳಿಗ್ಗೆ ಹತ್ತೂ ಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಸಾಗಣೆ ಕಂಪನಿಯ ಮ್ಯಾನೇಜರರ ಮುಖ ಹುಳ್ಳಗಾಗಿತ್ತು. ಕಂಪನಿಯ ಇನ್ನೊಂದು ವ್ಯಾನು ಹೋಗಿತ್ತು. ಮೊದಲನೆಯದು ಹೋಗಿ ಎರಡು ತಿಂಗಳೂ ಆಗಿರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅವರು ಆಮೇಲೆ ಪ್ರತಿ ವ್ಯಾನಿನ ಸ್ಟೇರಿಂಗಿಗೂ ಕಬ್ಬಿಣದ ಲಾಕು ಹಾಕಿಸಿದ್ದರು. ಆ ಲಾಕಿನ ಕೀಲಿಯನ್ನು ಗಾಡಿಯ ಕೀಲಿಯ ಜೊತೆಗೇ ಒಂದೇ ಬಳೆಗೆ ಪೋಣಿಸಿ ಗೋಡೆಗೆ ನೇತುಹಾಕಿದ್ದರು.

ಇನ್ಸ್‌ಪೆಕ್ಟರ್ ದೂರು ಬರೆಸಿಕೊಂಡು ಎಫ್‌ಐಆರ್ ಹಾಕಿಸಿದರು. ಹಾಕಿಸುವಾಗಲೇ ಅವರಿಗೆ ಒಳಗೊಳಗೆ ಕಸಿವಿಸಿ. ಮೊದಲ ಕಳವಿಗೆಂದು ವ್ಯಾನು ತೊಳೆಯುವ ಶೆಡ್ಡಿನ ಕೆಲಸಗಾರನನ್ನು ಬಂಧಿಸಿ ಜೈಲಿಗೆ ಕಳಿಸಿದವರು ಅವರೇ. ವ್ಯಾನು ಸಿಕ್ಕಿರಲಿಲ್ಲ, ಹುಡುಗ ಬಾಯಿ ಬಿಟ್ಟಿರಲಿಲ್ಲ. ಆ ಹೊತ್ತಿಗೆ ಶೆಡ್ಡಿನಲ್ಲಿದ್ದವನು ಅವನೊಬ್ಬನೇ ಎಂಬುದಷ್ಟೇ ಸಾಕ್ಷಿ. ಈಗ ಅವನು ಒಳಗಿರುವಾಗಲೇ ಅದೇ ಶೆಡ್ಡಿನಿಂದ ಅದೇ ರೀತಿ ಇನ್ನೊಂದು ವ್ಯಾನು ಹೋಗಿತ್ತು. ಗುರುವಾರ ಅವನ ಜಾಮೀನು ಅರ್ಜಿ ಬೇರೆ. ವಕೀಲರು ಇದನ್ನು ಬಿಡುತ್ತಾರೆಯೇ?

"ನಾವು ಅಮಾಯಕನ್ನ ಹಿಡಿದ್ವೇನೋ ಸಾರ್," ಅಂದರು ದಫೇದಾರರು, ಜೀಪಿನಲ್ಲಿ.

ಕಂಪನಿಯ ಯಾರ್ಡು ಇಳಿಜಾರಿನಲ್ಲಿತ್ತು. ಮೇಲೆ ಕಚೇರಿ, ಕೆಳಗೆ ತೊಳೆಯುವ ಶೆಡ್ಡು, ನಡುವೆ ಸಾಲಾಗಿ ನಿಂತ ಬಿಳಿ ವ್ಯಾನುಗಳು. ಎಲ್ಲಕ್ಕೂ ಎಲ್ಲಿದೆಯೆಂದು ತೋರಿಸುವ ಯಂತ್ರ ಕೂರಿಸಿದ್ದರು. ಆದರೆ ತೊಳೆಯುವಾಗ ಅದಕ್ಕೆ ನೀರು ತಾಗಿ ಸುಳ್ಳು ಸೈರನ್ ಕೂಗುತ್ತದೆಂದು ಮೊದಲು ವೈರು ಕಿತ್ತೇ ನೀರು ಬಿಡುವುದು ಅಲ್ಲಿನ ರೂಢಿ. ಹಾಗಾಗಿ ಕಂಪ್ಯೂಟರ್ ಮುಂದೆ ಕೂತವರ ಪಾಲಿಗೆ ಮಾಯವಾದ ಗಾಡಿ ಎಂದರೆ ಸ್ನಾನಕ್ಕೆ ಹೋದ ಗಾಡಿ. ಮೊದಲ ಕಳವಿನ ನಂತರ ಮ್ಯಾನೇಜರರು, ಸಿಗ್ನಲ್ ಹೋದ ಕೂಡಲೇ ಶೆಡ್ಡಿಗೆ ಫೋನ್ ಮಾಡಿ ಕೇಳಬೇಕು ಎಂದು ಆದೇಶ ಹೊರಡಿಸಿದ್ದರು.

"ಮಾಡಿದೆ ಸಾರ್," ಅಂದಳು ಕಂಪ್ಯೂಟರಿನ ಹುಡುಗಿ. "ಯಾರೋ ಎತ್ತಿದ್ರು. ಹೂಂ, ತೊಳೀತಾ ಇದೀವಿ ಅಂದ್ರು."

"ಯಾರು?"

"ಪಂಪಿನ ಸದ್ದು ಸಾರ್. ಗೊತ್ತಾಗ್ಲಿಲ್ಲ."

ಗೇಟಿನ ಕ್ಯಾಮೆರಾದಲ್ಲಿ ಹಿಂದಿನ ದಿನ ಸಂಜೆ ಪಾಳಿ ಬದಲಾಗುವಾಗ ಹೊರಟ ವ್ಯಾನುಗಳ ಸಾಲು ಕಂಡಿತು. ಅದರಲ್ಲೊಂದರ ಚಾಲಕ ಟೋಪಿಯನ್ನು ಮೂಗಿನವರೆಗೂ ಎಳೆದುಕೊಂಡಿದ್ದ. ಸ್ಥಳ ಪಂಚನಾಮೆ ಮುಗಿಸಿ ಹೊರಡುವಾಗ ಯಾರ್ಡಿನ ಆಳು ಎದುರಾದರು. ಗಾಡಿಗಳನ್ನು ಸಾಲಿಗೆ ನಿಲ್ಲಿಸುವ ಕೆಲಸದಲ್ಲೇ ಕೂದಲು ಬೆಳ್ಳಗಾದ ಅವರನ್ನು ಚಾಲಕರೆಲ್ಲ ದೊಡ್ಡಪ್ಪ ಎನ್ನುತ್ತಿದ್ದರು. ಜೈಲಿನಲ್ಲಿದ್ದ ಹುಡುಗನ ತಂದೆ ಅವರೇ. ಅಂದು ಮಗನನ್ನು ಕೈಹಿಡಿದು ಠಾಣೆಗೆ ಕರೆತಂದಿದ್ದರು. ತಪ್ಪು ಮಾಡದವನು ಯಾಕೆ ಅಡಗಬೇಕು ಎಂದಿದ್ದರು. ಇನ್ಸ್‌ಪೆಕ್ಟರೂ, ತಪ್ಪಿಲ್ಲದಿದ್ದರೆ ಬಿಟ್ಟುಬಿಡ್ತೀವಿ ಯಜಮಾನ್ರೇ ಎಂದು ಬಾಯಿಮಾತಿಗೆ ಹೇಳಿದ್ದರು. ಈಗ ದೊಡ್ಡಪ್ಪ ಬೇರೇನೂ ಕೇಳಲಿಲ್ಲ. ಗುರುವಾರ ಎಷ್ಟು ಹೊತ್ತಿಗೆ ಕೋರ್ಟಿಗೆ ಬರಬೇಕು ಎಂದಷ್ಟೇ ಕೇಳಿದರು.

ಮಂಗಳವಾರ ಮಧ್ಯಾಹ್ನ ವ್ಯಾನು ಸಿಕ್ಕಿತು. ಊರಾಚೆ ಮುಚ್ಚಿದ ಗೋದಾಮೊಂದರ ಅಂಗಳದಲ್ಲಿ ಅದು ನೆಟ್ಟಗೆ ನಿಂತಿತ್ತು. ಒಂದು ಗೀರೂ ಇಲ್ಲ, ಗಾಜು ಏರಿಸಿದೆ, ಕಿತ್ತ ವೈರಿನ ತುದಿಗೆ ಟೇಪು ಸುತ್ತಿದೆ. ಗಾಡಿ ಉರುಳದಂತೆ ಹಿಂದಿನ ಚಕ್ರಗಳಿಗೆ ಎರಡೆರಡು ಕಲ್ಲು ಕೊಟ್ಟಿದೆ.

"ನೆಲ ಅಂಗೈ ಹಾಗೆ ಮಟ್ಟಸವಾಗಿದೆ," ಅಂದರು ದಫೇದಾರರು. "ಇಲ್ಲಿ ಕಲ್ಲು ಯಾಕೆ? ಇವನು ಕಳ್ಳನೋ ಕಾವಲುಗಾರನೋ?"

ಇನ್ಸ್‌ಪೆಕ್ಟರ್ ಪಂಚನಾಮೆಯಲ್ಲಿ ಕಲ್ಲನ್ನೂ ಬರೆಸಿದರು. ಕದ್ದು ಮಾರದವನು, ಬಿಡಿಭಾಗವನ್ನೂ ಮುಟ್ಟದವನು ಕದ್ದದ್ದಾದರೂ ಯಾಕೆಂದು ತಲೆ ಕೆರೆದುಕೊಂಡರು. ಶೆಡ್ಡಿನ ಒಳಗುಟ್ಟು ಬಲ್ಲವನು ಜೈಲಿನಲ್ಲಿದ್ದ. ನ್ಯಾಯಾಲಯದ ಅನುಮತಿ ಪಡೆದು ಬುಧವಾರ ಅವನ ಎದುರು ಕೂತರು. ಆಗ ತಾವೇ ಹಿಡಿದವನಲ್ಲಿ ಈಗ ಕ್ಷಮೆ ಕೇಳಬೇಕಾಗಬಹುದು ಎಂಬ ಅಳುಕು ಅವರಿಗಿತ್ತು.

ಇನ್ನೊಂದು ವ್ಯಾನು ಹೋಗಿತ್ತು, ಇಡಿಯಾಗಿ ಸಿಕ್ಕಿದೆ ಎಂದಾಗ ಹುಡುಗನ ಮುಖ ಅರಳಬೇಕಿತ್ತು. ಬದಲಿಗೆ ಕಪ್ಪಿಟ್ಟಿತು.

"ಚಕ್ರಕ್ಕೆ ಕಲ್ಲು ಕೊಟ್ಟಿತ್ತಾ ಸಾರ್?"

"ನಿಂಗ್ಹೇಗೆ ಗೊತ್ತು?"

"ಅಪ್ಪ ಎಲ್ಲಿ ಗಾಡಿ ನಿಲ್ಸಿದ್ರೂ ಕಲ್ಲು ಕೊಡ್ತಾರೆ. ಇಳಿಜಾರಲ್ಲಿ ನಿಲ್ಸಿ ನಿಲ್ಸಿ ಅಭ್ಯಾಸ. ಅವರನ್ನ ಬಿಟ್ಬಿಡಿ ಸಾರ್. ಮೊದಲ್ನೇದು ನಾನೇ ತಗೊಂಡಿದ್ದು."

ಅಪ್ಪನನ್ನು ಉಳಿಸಲು ಹೀಗೆ ಹೇಳುತ್ತಿದ್ದಾನೆ ಎಂದುಕೊಂಡರು ಇನ್ಸ್‌ಪೆಕ್ಟರ್. ಹಾಗೇ ಆಗಿರಲಿ ಎಂದು ಮನಸ್ಸು ಹಾರೈಸಿತು. ಆದರೆ ಹುಡುಗ ಗುಜರಿ ಅಂಗಡಿಯ ಗುರುತು ಹೇಳಿದ. ಸಂಜೆ ದಫೇದಾರರು ಅಲ್ಲಿ ತಗಡಿನ ರಾಶಿ ಎತ್ತಿಸಿದಾಗ ಎಂಜಿನ್ ಸಿಕ್ಕಿತು, ಅದರ ನಂಬರು ಮೊದಲ ದೂರಿನ ಜೊತೆ ತಾಳೆಯಾಯಿತು. ತಾವು ಹಿಡಿದದ್ದು ಅಮಾಯಕನನ್ನಲ್ಲ ಎಂದು ಇನ್ಸ್‌ಪೆಕ್ಟರಿಗೆ ಹಾಯೆನಿಸಿತು. ಹಾಗೆನಿಸಿದ್ದಕ್ಕೇ ನಾಚಿಕೆಯೂ ಆಯಿತು.

ಯಾಕೆ ಕದ್ದೆ ಎಂದು ಕೇಳಿದ್ದಕ್ಕೆ ಹುಡುಗ, "ದೊಡ್ಡ ಕಾರಣ ಏನಿಲ್ಲ ಸಾರ್, ಸುಲಭ ಇತ್ತು," ಎಂದಿದ್ದ. ಆಮೇಲೆ, "ಅಪ್ಪಂಗೆ ಹೇಳ್ಬೇಡಿ," ಎಂದಿದ್ದ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಪೊಲೀಸರು ಮನೆಗೆ ಹೋದಾಗ ದೊಡ್ಡಪ್ಪ ಒಗೆದ ಅಂಗಿ ತೊಟ್ಟು ಕೋರ್ಟಿಗೆ ಹೊರಟು ನಿಂತಿದ್ದರು. ಒಂದೇ ಕೋಣೆಯ ಮನೆ. ಎರಡು ಹಾಸಿಗೆ ಸುತ್ತಿಟ್ಟಿತ್ತು, ಒಂದರ ಹೊದಿಕೆ ಹೊಸದು. ಬಂಧನದ ವಿಷಯ ಹೇಳಿದಾಗ ಅವರು ಬೆಚ್ಚಲಿಲ್ಲ.

"ಒಪ್ಪಿದೆ ಸಾರ್. ವೈರು ಕಿತ್ತಿದ್ದು ನಾನೇ, ಫೋನ್ ಎತ್ತಿದ್ದೂ ನಾನೇ. ಮಗ ಕದ್ದಿಲ್ಲ ಅಂತ ಎಷ್ಟು ಹೇಳಿದ್ರೂ ಯಾರೂ ನಂಬ್ಲಿಲ್ಲ. ಅವನು ಒಳಗಿದ್ದಾಗ್ಲೂ ಗಾಡಿ ಹೋದ್ರೆ, ಕಳ್ಳ ಅವನಲ್ಲ ಅಂತ ನಿಮಗೇ ತಿಳಿಯುತ್ತೆ ಅಂದ್ಕೊಂಡೆ." ನಂತರ ತುಸು ನಾಚಿಕೊಂಡು, "ಕಂಪನಿ ಗಾಡಿಗೆ ಏನೂ ಆಗಿಲ್ವಲ್ಲ?" ಎಂದು ಕೇಳಿದರು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ದಾರಿಯುದ್ದಕ್ಕೂ ಗೊಣಗಿದ್ದ ದಫೇದಾರರು ಈಗ ಬಾಗಿಲಾಚೆ ನೋಡುತ್ತಾ ನಿಂತರು. ಬಂಧನದ ಪತ್ರಕ್ಕೆ ಸಹಿಯಾಯಿತು. ಗುಜರಿ ಅಂಗಡಿಯ ಪಂಚನಾಮೆ ಅಷ್ಟರಲ್ಲಿ ಕೋರ್ಟಿಗೆ ಹೊರಟಿತ್ತು. ಇನ್ನು ಹುಡುಗನ ಜಾಮೀನಿನ ಮಾತು ದೂರ. ಮ್ಯಾನೇಜರರಂತೂ ಅಪ್ಪ ಮಗ ಸೇರಿ ಕಟ್ಟಿದ ಕಳ್ಳರ ತಂಡ ಎಂದು ಬರೆದುಕೊಡಲು ಸಿದ್ಧರಾಗಿ ಕೂತಿದ್ದರು. ಅದನ್ನು ಅಲ್ಲಗಳೆಯಲು ಇನ್ಸ್‌ಪೆಕ್ಟರ್ ಬಳಿ ಈ ಮುದುಕನ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ.

ದೊಡ್ಡಪ್ಪ ಮನೆಗೆ ಬೀಗ ಹಾಕಿ, ಎಳೆದು ನೋಡಿ, ಕೀಲಿಯನ್ನು ಇನ್ಸ್‌ಪೆಕ್ಟರ್ ಕೈಯಲ್ಲಿಟ್ಟರು.

"ಸಂಜೆ ಬಿಡ್ತಾರಲ್ಲ ಸಾರ್, ಅವನಿಗೆ ಕೊಟ್ಬಿಡಿ. ಪಾಪ, ಬಾಗ್ಲಲ್ಲಿ ಕಾಯ್ತಾ ನಿಲ್ಬಾರ್ದು."

ಹೇಳಬೇಕಾದ ಮಾತು ಇನ್ಸ್‌ಪೆಕ್ಟರರ ನಾಲಿಗೆಯ ತುದಿಗೆ ಬಂದಿತ್ತು, ಹೇಳುವುದು ಅವರ ಕರ್ತವ್ಯವೂ ಆಗಿತ್ತು. ಅವರು, "ಆಗ್ಲಿ," ಎಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡರು.